ಮೊದಲು ಮೂತ್ರ ಪರೀಕ್ಷೆ, ಆಮೇಲೆ ಆ್ಯಂಟಿಬಯಾಟಿಕ್

ಮಗುವಿಗೆ ಜ್ವರ. ನೆಗಡಿಯಿಲ್ಲ, ಕೆಮ್ಮಿಲ್ಲ, ಉಚ್ಚೆ ಹೊಯ್ಯುವಾಗ ಮಾತ್ರ ಅಳು. ‘ಉಷ್ಣ ಆಗಿದೆ’ ಎಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಎಳನೀರು ಕುಡಿಸಿ ಎರಡು ದಿನ ಕಾಯುವುದು ನಮ್ಮಲ್ಲಿ ರೂಢಿ. ಕಾಯಬೇಡಿ. ಇದು ಮೂತ್ರದ ಸೋಂಕಾಗಿರಬಹುದು, ಅದು ಮೂತ್ರಪಿಂಡಕ್ಕೆ ಏರಿದ್ದರೆ ಅಲ್ಲಿ ಕಾಯಂ ಕಲೆ ಉಳಿಯಬಹುದು. ಎಳೆಗೂಸಿನಲ್ಲಿ ಜ್ವರ, ವಾಂತಿ, ಹಾಲು ಬಿಡುವುದು, ಹಲವು ಸಲ ಇಷ್ಟೇ ಸುಳಿವು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಮೂತ್ರ ಹಿಡಿಯುವುದು

ಆ್ಯಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆಯೇ ಮೂತ್ರ ಹಿಡಿಯಬೇಕು. ಒಂದು ಡೋಸ್ ಹೊಟ್ಟೆಗೆ ಹೋದರೂ ಕಲ್ಚರ್‌ನಲ್ಲಿ (ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ ಹೋಗಬಹುದು. ಬರೀ ನೀರಿನಿಂದ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಒಳಗೆ ಬೆರಳು ತಾಗಬಾರದು. ಮನೆಯ ಬಾಟಲಿ ಎಷ್ಟು ತೊಳೆದರೂ ಬೇಡ.

ಕೂಸುಗಳಿಗೆ ಅಂಟಿಸುವ ಚೀಲದಲ್ಲಿ ಚರ್ಮದ ಬ್ಯಾಕ್ಟೀರಿಯಾ ಸೇರಿಬಿಡುತ್ತವೆ. ಅದರಲ್ಲಿ ಏನಾದರೂ ಬೆಳೆದರೆ ನಂಬುವುದು ಕಷ್ಟ. ಅದರ ಬದಲು ತಣ್ಣೀರಿನ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಮೆಲ್ಲಗೆ ಉಜ್ಜುತ್ತ ಡಬ್ಬಿ ಹಿಡಿದು ಕಾಯಿರಿ. ಹಲವು ಕೂಸುಗಳು ಉಚ್ಚೆ ಹೊಯ್ದುಬಿಡುತ್ತವೆ. ಆಗದಿದ್ದರೆ ವೈದ್ಯರು ಸಣ್ಣ ಟ್ಯೂಬ್ ಹಾಕಿ ತೆಗೆಯುತ್ತಾರೆ. ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ತಡವಾಗುವುದಾದರೆ ಫ್ರಿಜ್‌ನಲ್ಲಿಡಿ, ಫ್ರೀಜರಿನಲ್ಲಲ್ಲ.

ರಿಪೋರ್ಟ್ ಬಂದಾಗ

ಕಲ್ಚರ್‌ಗೆ ಎರಡು ಮೂರು ದಿನ ಬೇಕು. ಮಗು ಬಳಲಿದ್ದರೆ ವೈದ್ಯರು ಅಷ್ಟು ಕಾಯದೆ ಔಷಧಿ ಶುರು ಮಾಡಿ, ರಿಪೋರ್ಟ್ ನೋಡಿ ಬದಲಿಸುತ್ತಾರೆ. ಸಾಮಾನ್ಯವಾಗಿ ಸಿಗುವುದು ಇ. ಕೋಲಿ. ಔಷಧಿಗಳ ಹೆಸರಿನ ಮುಂದೆ ‘ಎಸ್’ ಇದ್ದರೆ ಕೆಲಸ ಮಾಡುತ್ತದೆ, ‘ಆರ್’ ಇದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ನಮ್ಮ ದೇಶದಲ್ಲಿ ಸೆಫಿಕ್ಸಿಮ್‌ನಂಥ ರೂಢಿಯ ಸಿರಪ್‌ಗೂ ‘ಆರ್’ ಕಾಣುವುದು ಅಪರೂಪವಲ್ಲ.

ಹಾಗೆಂದು ‘ಎಸ್’ ನೋಡಿ ನೀವೇ ಔಷಧಿ ಆರಿಸಬೇಡಿ. ನೈಟ್ರೊಫ್ಯುರಾಂಟೊಯಿನ್ ಮುಂದೆ ‘ಎಸ್’ ಇದ್ದರೂ ಜ್ವರವಿರುವ ಮಗುವಿಗೆ ಅದು ಸಲ್ಲದು. ಮೂತ್ರಕೋಶದಲ್ಲಿ ಕೆಲಸ ಮಾಡುವ ಆ ಔಷಧಿ ಮೂತ್ರಪಿಂಡದ ಅಂಗಾಂಶಕ್ಕೆ ಸಾಕಷ್ಟು ತಲುಪುವುದಿಲ್ಲ. ಔಷಧಿ ಶುರುವಾಗಿ ಎರಡು ದಿನವಾದರೂ ಜ್ವರ ಇಳಿಯದಿದ್ದರೆ ಮತ್ತೆ ತೋರಿಸಿ. ಕಲ್ಚರ್ ರಿಪೋರ್ಟನ್ನು ಜೋಪಾನವಾಗಿಡಿ, ಮುಂದಿನ ಸಲ ಸೋಂಕಾದಾಗ ಹೊಸ ರಿಪೋರ್ಟ್ ಬರುವವರೆಗೆ ಔಷಧಿ ಆರಿಸಲು ವೈದ್ಯರಿಗೆ ಅದು ನೆರವಾಗುತ್ತದೆ.

ಸಿರಪ್ ವಿಷಯ

ಸೆಫಿಕ್ಸಿಮ್ 2014ರಿಂದ ಶೆಡ್ಯೂಲ್ ಎಚ್-1 ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಆದರೂ ‘ಹೋದ ಸಲದ್ದೇ ಕೊಡಿ’ ಎಂದರೆ ಕೊಡುವ ಮೆಡಿಕಲ್ ಶಾಪ್‌ಗಳಿಗೇನೂ ಬರವಿಲ್ಲ. ಕೇಳದಿರುವುದು ನಮ್ಮ ಕೈಯಲ್ಲಿದೆ. ಪುಡಿಯಿರುವ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಪ್ರತಿ ಸಲ ಕುಲುಕಿ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ. ಕೋರ್ಸ್ ಮುಗಿದ ಮೇಲೆ ಉಳಿದದ್ದನ್ನು ತಮ್ಮನಿಗೋ ತಂಗಿಗೋ ಎತ್ತಿಡಬೇಡಿ.

ಮತ್ತೆ ಬಾರದಿರಲು

ಮಲಬದ್ಧತೆ ಮತ್ತು ಉಚ್ಚೆ ಕಟ್ಟಿಕೊಳ್ಳುವುದು, ಇವೆರಡೂ ಸೋಂಕಿಗೆ ಆಹ್ವಾನ. ಶಾಲೆಯ ಶೌಚಾಲಯಕ್ಕೆ ಹೇಸಿ ಬೆಳಗಿನಿಂದ ಸಂಜೆವರೆಗೆ ನೀರೇ ಕುಡಿಯದ ಹೆಣ್ಣುಮಕ್ಕಳು ಎಷ್ಟೋ ಜನ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಶೌಚಾಲಯದ ನೀರು, ಚಿಲಕದ ವಿಷಯವನ್ನು ದಯವಿಟ್ಟು ಎತ್ತಿ.