ಮೂತ್ರ ಹುಳಿ ಮಾಡಿದರೆ ಪೈಪು ಕಟ್ಟೋದು ನಿಲ್ಲುತ್ತದೆಯೇ?

ನನ್ನ ತಮ್ಮ ಹುಣಸೆಹಣ್ಣು ಬಡಿಯಲು ಮರ ಹತ್ತಿ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಜೊತೆ ಮೂತ್ರಚೀಲದ ಸ್ವಾಧೀನವೂ ಹೋಯಿತು. ಮೂತ್ರ ತುಂಬಿದ್ದು ತಿಳಿಯದು, ತಾನಾಗಿ ಹೋಗದು. ಅದಕ್ಕೆ ರಬ್ಬರ್ ಪೈಪು ಹಾಕಿದ್ದರು. 3 ವಾರ ಬರಬೇಕಾದ ಪೈಪು ಒಂದೇ ವಾರಕ್ಕೆ ಕಟ್ಟಿಕೊಳ್ಳುತ್ತಿತ್ತು. ತೆಗೆದ ಪೈಪು ಕತ್ತರಿಸಿ ನೋಡಿದೆ, ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಗಸಿ.

ಬೆಳಗ್ಗೆ ದನದ ಕೊಟ್ಟಿಗೆಗೆ ಹೋದರೆ ಮೂಗಿಗೆ ಹೊಡೆಯೋ ವಾಸನೆ ನಿಮಗೆ ಗೊತ್ತೇ ಇದೆ. ಗಂಜಲದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಆಗುವ ವಾಸನೆ ಅದು. ಹೊಲಕ್ಕೆ ಎರಚಿದ ಯೂರಿಯಾಕ್ಕೂ ಇದೇ ಗತಿ. ಪ್ರೋಟಿಯಸ್ ಎಂಬ ಸೂಕ್ಷ್ಮಜೀವಿ ಪೈಪಿಗೆ ಸೇರಿಕೊಂಡರೆ ಈ ಕೆಲಸವನ್ನು ಮೂತ್ರಚೀಲದ ಒಳಗೇ ಮಾಡುತ್ತೆ. ಮೂತ್ರ ಕ್ಷಾರವಾಗುತ್ತೆ. ಆಗ ಅದರಲ್ಲಿ ಕರಗಿದ್ದ ಮೆಗ್ನೀಸಿಯಂ, ಸುಣ್ಣ, ರಂಜಕ ಹರಳುಗಟ್ಟಿ ಪೈಪಿಗೆ ಅಂಟುತ್ತವೆ.

ಹಾಗಾದರೆ ಹುಳಿ ಮಾಡಿದರಾಯ್ತಲ್ಲ? ಚೌಳು ನೆಲಕ್ಕೆ ಜಿಪ್ಸಂ ಹಾಕುವ ನಮಗೆ ಈ ಲೆಕ್ಕ ಬೇಗ ಹಿಡಿಸುತ್ತೆ. ಯಾರೋ ಹೇಳಿದರು ಅಂತ ವಿಟಮಿನ್ ಸಿ ಗುಳಿಗೆ ತಂದೆ, ದಿನಾ ನಿಂಬೆಹಣ್ಣು ಹಿಂಡಿ ಕುಡಿಸಿದೆ. ಎರಡು ತಿಂಗಳಾದರೂ ಪೈಪು ಕಟ್ಟೋದು ತಪ್ಪಲಿಲ್ಲ. ಡಾಕ್ಟರನ್ನು ಕೇಳಿದಾಗ ನನ್ನ ಲೆಕ್ಕ ತಲೆಕೆಳಗಾಯಿತು. ನಿಂಬೆ ಬಾಯಿಗೆ ಹುಳಿ, ಆದರೆ ದೇಹದಲ್ಲಿ ಅರಗಿದ ಮೇಲೆ ಮೂತ್ರವನ್ನು ಕ್ಷಾರದ ಕಡೆಗೇ ತಳ್ಳುತ್ತದಂತೆ! ಸೂಕ್ಷ್ಮಜೀವಿ ಹಗಲು ರಾತ್ರಿ ಮಾಡುವ ಅಮೋನಿಯಾದ ಮುಂದೆ ಗುಳಿಗೆಯ ಹುಳಿ ಸಾಲದು. ಮೇಲಾಗಿ ವಿಟಮಿನ್ ಸಿ ಅತಿಯಾದರೆ ಆಕ್ಸಲೇಟ್ ಹೆಚ್ಚಿ ಮೂತ್ರಪಿಂಡದಲ್ಲಿ ಕಲ್ಲು ಆಗಬಹುದು.

ಆಸ್ಟ್ರೇಲಿಯಾದಲ್ಲಿ ಬೆನ್ನುಹುರಿ ಪೆಟ್ಟಿನ 305 ಜನರಿಗೆ ಕ್ರ್ಯಾನ್‌ಬೆರಿ ಎಂಬ ಹುಳಿಹಣ್ಣಿನ ಗುಳಿಗೆ, ಮೆಥೆನಮೈನ್ ಗುಳಿಗೆ ಕೊಟ್ಟು ನೋಡಿದ್ದಾರೆ. 2007ರಲ್ಲಿ ಬಂದ ಫಲಿತಾಂಶದಲ್ಲಿ ಎರಡರಿಂದಲೂ ಸೋಂಕು ಕಡಿಮೆಯಾಗಲಿಲ್ಲ. ಇಂಥ ಡಬ್ಬಿಗಳಿಗೆ ಈಗಲೂ ದುಡ್ಡು ಸುರಿಯುವವರಿದ್ದಾರೆ.

ನಮಗೆ ದಾರಿ ಸಿಕ್ಕಿದ್ದು ಸ್ಕ್ಯಾನಿಂಗ್‌ನಿಂದ. ಮೂತ್ರಚೀಲದಲ್ಲೇ ಒಂದು ಕಲ್ಲಿತ್ತು, ಸೂಕ್ಷ್ಮಜೀವಿಗೆ ಅದೇ ಬೀಡು. ಅದನ್ನು ತೆಗೆಸಿದೆವು. ಪೈಪು ಪದೇ ಪದೇ ಕಟ್ಟುತ್ತಿದ್ದರೆ ಮೊದಲು ಇದನ್ನು ನೋಡಿಸಿ. ಈಗ ತಮ್ಮ ಸದಾ ಪೈಪು ಇಟ್ಟುಕೊಳ್ಳೋದಿಲ್ಲ. ಸೋಪಿನಲ್ಲಿ ಕೈ ತೊಳೆದು 4ರಿಂದ 6 ಗಂಟೆಗೊಮ್ಮೆ ಸಣ್ಣ ಪೈಪು ತಾನೇ ಹಾಕಿ ಮೂತ್ರ ಖಾಲಿ ಮಾಡಿ ತೆಗೆಯುತ್ತಾನೆ. ಕಲಿಯಲು ಎರಡು ದಿನ ಹಿಡಿಯಿತು. ನೀರು ಎಷ್ಟು ಕುಡಿಯಬೇಕು ಅಂತ ಡಾಕ್ಟರೇ ಲೆಕ್ಕ ಕೊಟ್ಟಿದ್ದಾರೆ. ನಿಂಬೆ ಪಾನಕ ಈಗಲೂ ಕುಡಿಯುತ್ತಾನೆ, ರುಚಿಗೆ.

ಇನ್ನೊಂದು ಮಾತು. ಪೆಟ್ಟು ಎದೆಯ ಮಟ್ಟಕ್ಕೋ ಅದಕ್ಕಿಂತ ಮೇಲೋ ಆಗಿದ್ದರೆ, ಪೈಪು ಕಟ್ಟಿದಾಗ ತಲೆ ಸಿಡಿದು, ಮುಖ ಬೆವತು, ಬಿ.ಪಿ. ಒಮ್ಮೆಲೇ ಏರಬಹುದು. ಅದು ಪ್ರಾಣಕ್ಕೇ ಅಪಾಯ. ಬೆಳಗಾಗಲಿ ಅಂತ ಕಾಯದೆ ಕೂರಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ, ಮಲಗಿಸಬೇಡಿ.