ಆತ್ಮಸಮತೆ ಮತ್ತು ಆಸ್ತಿಸಮತೆ

ಆತ್ಮಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲವೆಂಬುದು 12ನೆಯ ಶತಮಾನದ ಹಲವು ವಚನಕಾರರ ತಾತ್ವಿಕ ನಿಲುವು. ಅನುಭಾವದ ನೆಲೆಯಲ್ಲಿ ಲಿಂಗಭೇದವನ್ನು ನಿರಾಕರಿಸಿದ ಈ ನಿಲುವು ಮನೆ, ಹೊಲಗಳ ಒಡೆತನದ ಪ್ರಶ್ನೆಯನ್ನು ಇತ್ಯರ್ಥಗೊಳಿಸಲಿಲ್ಲ. ವೀರಶೈವ, ಲಿಂಗಾಯತರನ್ನೂ ಒಳಗೊಂಡ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಜನ್ಮಸಿದ್ಧ ಹಕ್ಕನ್ನು ನೀಡಲಿಲ್ಲ. 1994ರ ಕರ್ನಾಟಕದ ತಿದ್ದುಪಡಿ ಅದನ್ನು ನೀಡಿತಾದರೂ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಅಂದರೆ ಹೆಣ್ಣಿನ ಹಕ್ಕಿಗೆ ಅಳತೆಗೋಲಾದುದು ವ್ಯಕ್ತಿತ್ವವಲ್ಲ, ವಿವಾಹ. 2005ರ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೊಡೆಯಿತು; ಅದು ಜಾರಿಗೆ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಆದರೂ ತವರಿನ ಬಾಂಧವ್ಯ ಉಳಿಯಲೆಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಒಪ್ಪಿಗೆಯ ರೂಪದಲ್ಲಿಯೇ ಕಾರ್ಯವೆಸಗುವ ಈ ಅಧಿಕಾರವನ್ನು ಕಾನೂನೊಂದೇ ಕಾಣಿಸಲಾರದು. ಸ್ತ್ರೀವಾದಿ ತಾತ್ವಿಕತೆ ಪರಿಶೀಲಿಸಬೇಕಾದ ನೆಲೆ ಇದು.