ಆಟವನ್ನು ಕಟ್ಟುವ ಪಾಠ

ಹುಡುಗಿಯರಿಗೆ ಶಾಲೆಯಲ್ಲಿ ಆಟವನ್ನು ಕಲಿಸಬೇಕೇ ಎಂದು ಪಾಲಕರು ಕೇಳುವದುಂಟು. ಆಡುವದನ್ನು ಕಲಿಸಬೇಕಾದದ್ದಿಲ್ಲ, ಅದು ಅವರಿಗೆ ತಾನಾಗಿಯೇ ಬರುವದು. ಆಟವನ್ನು ಹೊಸದಾಗಿ ಕಟ್ಟುವದನ್ನು ಮಾತ್ರ ಕಲಿಸಬೇಕು. ಮಾದನಹಿಪ್ಪರಗಾದ ಕಡೆಯ ಊರುಗಳಲ್ಲಿ ಎಷ್ಟೋ ಮನೆಗಳೊಳಗೆ ಹುಡುಗಿಯು ಹನ್ನೆರಡು ಹದಿಮೂರು ವರುಷದವಳಾದ ಕೂಡಲೆ ಅವಳ ಆಟವು ನಿಂತುಹೋಗುವದು. ಅವಳ ತಮ್ಮನ ಆಟವು ನಿಲ್ಲುವದಿಲ್ಲ. ಅವಳ ಕೈಗೆ ಕೊಡವೂ ಕಸಬರಿಗೆಯೂ ಕುರ್ಪಿಯೂ ಬರುವವು. ಎಂಟನೆಯ ತರಗತಿಯ ವಿನ್ಯಾಸದ ಪಾಠದೊಳಗೆ ಆಟವನ್ನು ಸೇರಿಸಿದ್ದಕ್ಕೆ ಇದು ಒಂದು ಕಾರಣ.

ವಿನ್ಯಾಸವೆಂದರೆ ಚಿತ್ರಕ್ಕೆ ಬಣ್ಣ ತುಂಬುವದೆಂದು ಅನೇಕರು ತಿಳಿದಿರುವರು. ಅಮೇರಿಕೆಯ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳು 1958ರಲ್ಲಿ ಭಾರತ ಸರಕಾರಕ್ಕೆ ಒಂದು ವರದಿಯನ್ನು ಕೊಟ್ಟರು. ಅದರಲ್ಲಿ ಅವರು ಅತ್ಯಂತ ಮೆಚ್ಚಿದ ವಸ್ತು ನಮ್ಮ ತಂಬಿಗೆ. ಅದನ್ನು ಯಾವನೋ ಒಬ್ಬ ಜಾಣನು ಒಂದೇ ದಿನ ರೂಪಿಸಲಿಲ್ಲ. ತಲೆಮಾರುಗಳ ಕೈಗಳು ಅದನ್ನು ಹಿಡಿದು, ಹೊತ್ತು, ಸುರಿದು, ಬಗ್ಗಿಸಿ ತಿದ್ದಿದವು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾದದ್ದು ಈ ವರದಿಯ ಫಲವೇ. ಆಟವೂ ತಂಬಿಗೆಯ ಜಾತಿಗೆ ಸೇರಿದ್ದು. ಆಡುವವಳ ಕೈ ಸೋಕಿದ ಹೊರತು ಅದು ಪೂರ್ಣವಾಗುವದಿಲ್ಲ.

ಮೊದಲು ಹಳೆಯ ಆಟವೊಂದನ್ನು ಬಿಚ್ಚಿ ನೋಡುವದು ಒಳ್ಳೇದು. ನಮ್ಮ ಕಡೆಯ ಶಹಾಬಾದ ಫರಸಿಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡು ಆಡುವ ಚೌಕಾಬಾರಾವನ್ನು ತೆಗೆದುಕೊಳ್ಳಿರಿ. ಐದೈದರ ಇಪ್ಪತ್ತೈದು ಮನೆಗಳು, ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು, ನಾಲ್ಕು ಕವಡೆಗಳು. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆಬೀಜಗಳು ಸಾಕು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕಾ, ಅಂದರೆ ನಾಲ್ಕು. ನಾಲ್ಕೂ ಕಪ್ಪಗೆ ಬಿದ್ದರೆ ಬಾರಾ, ಅಂದರೆ ಎಂಟು. ಬೀಜಗಳು ಬೀಳುವ ರೀತಿಗಳು ಹದಿನಾರು. ಅವುಗಳಲ್ಲಿ ಒಂದು ಬರುವದು ನಾಲ್ಕು ರೀತಿಗಳಿಂದ, ಎರಡು ಬರುವದು ಆರರಿಂದ, ಮೂರು ನಾಲ್ಕರಿಂದ. ಚೌಕಾ ಒಂದೇ ರೀತಿಯಿಂದ, ಬಾರಾ ಒಂದೇ ರೀತಿಯಿಂದ. ಅಪರೂಪವಾದದ್ದಕ್ಕೆ ಹೆಚ್ಚಿನ ನಡೆಯನ್ನೂ ಮತ್ತೊಂದು ಸಾರೆ ಒಗೆಯುವ ಹಕ್ಕನ್ನೂ ಕೊಟ್ಟ ಆ ಹೆಸರಿಲ್ಲದ ಹಿರಿಯರ ಲೆಕ್ಕವು ಎಷ್ಟು ಚೊಕ್ಕಟವಾದದ್ದು! ಆದರೆ ಹುಣಸೆಬೀಜವು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವದೆಂಬ ಭರವಸೆಯಿಲ್ಲ. ನೂರು ಸಾರೆ ಒಗೆದು ಬರೆದಿಡಿರಿ ಎಂದರೆ ಗಣಿತದ ಪಾಠವೂ ಆಯಿತು.

ಆಟ ಕಟ್ಟುವದು ಹಗುರವಾದ ಕೆಲಸವೆಂದು ಎಣಿಸುವವರಿಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೇಳಬಹುದು. 1868ರಲ್ಲಿ ತೀರಿಕೊಂಡ ಈ ಅರಸರು ಹಲವು ಬಗೆಯ ಮಣೆಯಾಟಗಳನ್ನೂ ಎಲೆಯಾಟಗಳನ್ನೂ ತಾವೇ ರಚಿಸಿದರು. ಅವರ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯು ಆಟಗಳಿಗಾಗಿಯೇ ಮೀಸಲು. ಅರಸನಿಗೆ ಒಪ್ಪಿದ ಕೆಲಸವು ರೈತನ ಮಗಳಿಗೂ ಒಪ್ಪಬೇಕು.

ಇನ್ನು ಪಾಠದ ಕ್ರಮ. ಹಲವರು ಕೂಡಿ ವಿಚಾರಗಳನ್ನು ಹೊರಗೆಡಹುವ ಪದ್ಧತಿಗೆ ಬ್ರೇನ್‌ಸ್ಟಾರ್ಮಿಂಗ್ ಎಂಬ ಹೆಸರಾಯಿತು, ನಾವು ವಿಚಾರಮಂಥನವೆನ್ನೋಣ. ಇದನ್ನು ಪ್ರಸಿದ್ಧಿಗೆ ತಂದವರು ಜಾಹೀರಾತಿನ ವ್ಯವಹಾರದಲ್ಲಿದ್ದ ಅಲೆಕ್ಸ್ ಆಸ್ಬರ್ನ್ ಎಂಬವರು. ಯಾರ ಮಾತನ್ನೂ ಅಲ್ಲಿಯೇ ಹಳಿಯಬಾರದು, ಹುಚ್ಚು ಮಾತಿಗೂ ಎಡೆಯಿರಬೇಕು, ವಿಚಾರಗಳು ರಾಶಿಯಾಗಿ ಬರಲಿ, ಒಬ್ಬರದಕ್ಕೆ ಇನ್ನೊಬ್ಬರದನ್ನು ಜೋಡಿಸಲಿ ಎಂಬದು ಅವರ ಬೋಧೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ ನೋಡಲಾಗಿ, ಬೇರೆಬೇರೆಯಾಗಿ ಕುಳಿತು ಯೋಚಿಸಿದವರ ವಿಚಾರಗಳನ್ನು ಕೂಡಿಸಿದರೆ, ಅಷ್ಟೇ ಮಂದಿಯ ಗುಂಪಿಗಿಂತ ಹೆಚ್ಚು ವಿಚಾರಗಳು ಬಂದವು. ನಮ್ಮ ತರಗತಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಗುಂಪಿನಲ್ಲಿ ಮುಂದಿನ ಬೆಂಚಿನ ಮೂವರು ಮಾತಾಡುವರು, ಹಿಂದಿನ ಬೆಂಚು ತಲೆಯಾಡಿಸುವದು. ಆದಕಾರಣ ಮೊದಲ ಹತ್ತು ನಿಮಿಷ ಪ್ರತಿಯೊಬ್ಬಳೂ ಸುಮ್ಮನೆ ಕುಳಿತು ಚೀಟಿಗಳ ಮೇಲೆ ಬರೆಯಲಿ, ಚೀಟಿಗೆ ಹೆಸರು ಹಾಕದಿರಲಿ. ಕೂಡಿ ಮಾತಾಡುವದು ಆಮೇಲೆ. ಉಪಾಧ್ಯಾಯಿನಿಯು ಆ ಹೊತ್ತಿನಲ್ಲಿ ‘ಭೇಷ್’ ಎಂದರೂ ಕೆಡುಕೇ. ಉಳಿದವರೆಲ್ಲರೂ ಅದನ್ನೇ ಬರೆಯತೊಡಗುವರು.

ಚೀಟಿಗಳಿಂದ ಒಂದನ್ನು ಆರಿಸಿದ ಮೇಲೆ ಅದೇ ದಿನ ಕಚ್ಚಾ ಮಾದರಿಯನ್ನು ಮಾಡಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿ, ಬಳೆಯ ಚೂರು, ಬಾಟಲಿಯ ಮುಚ್ಚಳ, ತೊಗರಿಯ ಕಾಳು ಇಷ್ಟೇ ಸಾಮಗ್ರಿ. ಅಂದವಾದ ಬಣ್ಣವನ್ನು ನಾನು ಬೇಡವೆನ್ನುತ್ತೇನೆ. ಯಾಕಂದರೆ ಎರಡು ದಿನ ಕುಳಿತು ಬಣ್ಣ ಹಾಕಿದ ಹಾಳೆಯನ್ನು ಹರಿಯುವದಕ್ಕೆ ಯಾವ ಹುಡುಗಿಗೂ ಮನಸ್ಸು ಬರುವದಿಲ್ಲ. ಹರಿಯದೆ ಆಟವು ಸುಧಾರಿಸುವದಿಲ್ಲ.

ನಮ್ಮ ಬಾಲಿಕೆಯರು ಆರಿಸಿದ್ದು ತೊಗರಿಯ ಹೊಲವನ್ನು. ಅದೇನೂ ವಿಚಿತ್ರವಲ್ಲ, ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. ಜೂನ್ ಜುಲೈಯ ಬಿತ್ತಿಗೆಯಿಂದ ಹೊರಟು ಡಿಸೆಂಬರ್ ಜನವರಿಯ ರಾಶಿಯನ್ನು ದಾಟಿ ಅಡತಿ ಅಂಗಡಿಯನ್ನು ಮುಟ್ಟುವ ದಾರಿಯನ್ನು ಬರೆದರು. ಮಳೆಯ ಮನೆಯಲ್ಲಿ ನಿಂತರೆ ಕಾಳು ಸಿಗುವದು, ಕಾಯಿಕೊರಕ ಹುಳದ ಮನೆಯಲ್ಲಿ ಹೋಗುವದು. ಐದನೆಯ ತರಗತಿಯ ಚಿಕ್ಕವರನ್ನು ಕರೆದು ಆಡಿಸಲಾಯಿತು. ಕಟ್ಟಿದವರು ಪಕ್ಕದಲ್ಲಿ ಕುಳಿತು ನೋಡಬೇಕು, ಬಾಯಿ ತೆರೆಯಬಾರದು ಎಂಬದು ನಿಯಮ. ಈ ನಿಯಮವನ್ನು ಪಾಲಿಸುವದು ಎಷ್ಟು ಕಷ್ಟವೆಂಬದನ್ನು ಅವರ ಮುಖಗಳೇ ಹೇಳುತ್ತಿದ್ದವು. ಹತ್ತು ನಿಮಿಷವಾಗುವದರೊಳಗೆ ಚಿಕ್ಕವರು ಕಿಟಕಿಯ ಹೊರಗೆ ನೋಡತೊಡಗಿದರು. ಬೀಜ ಒಗೆಯುವದು, ನಡೆಯುವದು. ಅವರು ತಾವಾಗಿ ನಿರ್ಣಯಿಸುವ ಸಂಗತಿಯೇ ಅದರಲ್ಲಿರಲಿಲ್ಲ. ಅವರಲ್ಲಿ ಒಬ್ಬಳು, “ಇದರಾಗ ಕಸಾ ತೆಗಿಯಾಕಿ ಎಲ್ಲಿದ್ದಾಳ ಅಕ್ಕಾ?” ಎಂದು ಕೇಳಿದಳು. ಹಾಳೆಯ ಮೇಲೆ ಎತ್ತು ಇತ್ತು, ಅಡತಿಯವನಿದ್ದನು, ಹೆಂಗಸು ಒಬ್ಬಳೂ ಇರಲಿಲ್ಲ. ಕಟ್ಟಿದವರಲ್ಲಿ ಹೆಚ್ಚಿನವರ ತಾಯಂದಿರು ಕೂಲಿಗೆ ಕಸ ತೆಗೆಯಲು ಹೋಗುವವರೇ.

ಹಾಳೆಯನ್ನು ಹರಿದರು. ಎರಡನೆಯ ಮಾದರಿಯು ಹೊಲದಿಂದಲೇ ಬಂತು. ನಮ್ಮ ಜಿಲ್ಲೆಯ ರೈತರು ತೊಗರಿಯ ಗಿಡವನ್ನು ಅಲುಗಾಡಿಸಿ, ಕೆಳಗೆ ಹಿಡಿದ ಬಟ್ಟೆಯ ಮೇಲೆ ಹುಳಗಳನ್ನು ಉದುರಿಸುವ ಪದ್ಧತಿಯುಂಟು, ಅದು ಒಬ್ಬರಿಂದಾಗದು. ಈಗ ಹುಳದ ಮನೆಗೆ ಬಂದವಳು ನೆರೆಯವಳನ್ನು ಕರೆಯಬಹುದು. ಬರುವವಳು ತನ್ನ ನಡೆಯನ್ನು ಬಿಡಬೇಕು, ಉಳಿದ ಕಾಳಿನಲ್ಲಿ ಪಾಲು ಪಡೆಯುವಳು. ಹೋಗಲೋ ಬೇಡವೋ ಎಂಬದನ್ನು ಅವಳೇ ನಿರ್ಣಯಿಸತಕ್ಕದ್ದು. ಚಿಕ್ಕವರು ಈ ಸಲ ಗಂಟೆ ಬಾರಿಸಿದರೂ ಏಳಲಿಲ್ಲ.

ಆಟದ ಅಭಿಪ್ರಾಯವು ಅದರ ಚಿತ್ರದಲ್ಲಿಲ್ಲ, ನಿಯಮದಲ್ಲಿದೆ ಎಂಬದಕ್ಕೆ ದೂರದ ಉದಾಹರಣೆಯೊಂದನ್ನು ಹೇಳಿದೆನು. ಅಮೇರಿಕೆಯ ಎಲಿಜಬೆತ್ ಮ್ಯಾಗೀ ಎಂಬ ಮಹಿಳೆಯು 1904ರಲ್ಲಿ ‘ಜಮೀನುದಾರನ ಆಟ’ಕ್ಕೆ ಪೇಟೆಂಟ್ ಪಡೆದಳು. ಬಾಡಿಗೆಯು ಒಡೆಯನನ್ನು ಹೇಗೆ ಕೊಬ್ಬಿಸಿ ಒಕ್ಕಲನ್ನು ಬಡವನ್ನಾಗಿ ಮಾಡುವದೆಂದು ತೋರಿಸುವದು ಅವಳ ಉದ್ದೇಶವಾಗಿತ್ತು. ಅದರಿಂದ ಹುಟ್ಟಿ 1935ರಿಂದ ಮೊನೊಪೊಲಿಯೆಂದು ಮಾರಾಟವಾದ ಆಟದಲ್ಲಿ ಎದುರಾಳಿಗಳನ್ನು ದಿವಾಳಿ ಮಾಡುವವನೇ ಗೆದ್ದವನು. ನಮ್ಮ ಅಂಗಡಿಗಳಲ್ಲಿ ‘ವ್ಯಾಪಾರ’ವೆಂದು ಸಿಗುವದು ಅದರ ಮೊಮ್ಮಗಳು.

ಕಸ ತೆಗೆಯುವವಳಿಗೆ ಈಗ ಹಾಳೆಯ ಮೇಲೆ ಮೂರು ಮನೆಗಳು ದೊರೆತಿವೆ. ಅವಳ ಕೂಲಿ ಎಷ್ಟು ಕಾಳು ಎಂಬದರಲ್ಲಿ ಮಾತ್ರ ತರಗತಿಯು ಒಮ್ಮತಕ್ಕೆ ಬಂದಿಲ್ಲ. ಎರಡು ಕಾಳೆಂದು ಒಂದು ಪಕ್ಷ, ರಾಶಿಯಲ್ಲಿ ಪಾಲು ಕೊಡಬೇಕೆಂದು ಇನ್ನೊಂದು ಪಕ್ಷ. ಎರಡು ಹಾಳೆಗಳನ್ನು ಮಾಡಿದ್ದಾರೆ, ಎರಡನ್ನೂ ಆಡುತ್ತಿದ್ದಾರೆ.